ಹಗಲು ಕೆರೆ, ಇರುಳು ಗದ್ದೆ

ಜನವರಿ ಬಂತೆಂದರೆ ಪತ್ರಿಕೆಗಳಲ್ಲಿ ‘ವಿದೇಶಿ ಅತಿಥಿಗಳ ಆಗಮನ’ ಎಂಬ ತಲೆಬರಹ ತಪ್ಪುವುದಿಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಫೋಟೊ, ಕೊಕ್ಕರೆ ಬೆಳ್ಳೂರಿನ ಹುಣಸೆಮರದಲ್ಲಿ ಗೂಡು ಕಟ್ಟಿದ ಹೆಜ್ಜಾರ್ಲೆಯ ಫೋಟೊ, ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರ ಫೋಟೊ. (ಹೆಜ್ಜಾರ್ಲೆ ವಿದೇಶಿಯಲ್ಲ ಎಂದು ಎಷ್ಟು ಸಲ ಹೇಳಿದರೂ ತಲೆಬರಹ ಬರೆಯುವವರು ಕೇಳುವುದಿಲ್ಲ.) ಈ ಸಂಭ್ರಮದಲ್ಲಿ, ವರ್ಷದ ಹನ್ನೆರಡು ತಿಂಗಳೂ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕೆರೆಗಳಲ್ಲೇ ಬಾಳುವೆ ಮಾಡುವ ಬಾತೊಂದು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಅದು ಸಿಳ್ಳೆ ಬಾತು. ಮರದ ಮೇಲೂ ಕೂರುತ್ತದಾದ್ದರಿಂದ ಮರಬಾತು ಎನ್ನುವವರೂ ಇದ್ದಾರೆ. ಹಳ್ಳಿಯಲ್ಲಿ ಕೇಳಿದರೆ ‘ಯಾವ್ದೋ ನೀರುಕೋಳಿ’ ಎಂದು ಮುಗಿಸುತ್ತಾರೆ.

ಕಣ್ಣಿಗೆ ಬೀಳದಿರುವುದಕ್ಕೆ ಅದರ ಬಣ್ಣವೂ ಒಂದು ಕಾರಣ. ಕೊಕ್ಕಿನಿಂದ ಬಾಲದವರೆಗೆ ನಲವತ್ತು ಸೆಂಟಿಮೀಟರ್ ಆಸುಪಾಸು, ತೂಕ ಸುಮಾರು ಅರ್ಧ ಕೆ.ಜಿ. ಮೈಯೆಲ್ಲ ಒಣಗಿದ ಜೊಂಡಿನ ಕಂದು. ಬೆನ್ನಿನ ಗರಿಗಳ ಅಂಚಿಗೆ ತಿಳಿಗೆಂಪು, ನೆತ್ತಿ ತುಸು ಕಪ್ಪು, ಕಾಲು ಮತ್ತು ಕೊಕ್ಕು ಬೂದು. ಹತ್ತಿರದಿಂದ ನೋಡಿದರೆ ಕಣ್ಣಿನ ಸುತ್ತ ತೆಳ್ಳನೆಯ ಹಳದಿ ಬಳೆ ಕಾಣುತ್ತದೆ. ಹಾರಿದಾಗ ಮಾತ್ರ ರೆಕ್ಕೆಯ ಮೇಲ್ಭಾಗದ ಇಟ್ಟಿಗೆಗೆಂಪು ತೆರೆದುಕೊಳ್ಳುತ್ತದೆ. ಕೂತಲ್ಲಿ ಕೂತಿದ್ದರೆ ಕೆರೆಯಂಗಳದ ಮಣ್ಣುಹೆಂಟೆಗೂ ಅದಕ್ಕೂ ವ್ಯತ್ಯಾಸ ತಿಳಿಯದು. 1821ರಲ್ಲಿ ಥಾಮಸ್ ಹಾರ್ಸ್‌ಫೀಲ್ಡ್ ಎಂಬ ನಿಸರ್ಗಶಾಸ್ತ್ರಜ್ಞ ಜಾವಾ ದ್ವೀಪದಲ್ಲಿ ಸಿಕ್ಕ ಹಕ್ಕಿಯನ್ನು ಆಧರಿಸಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಹಾಗಾಗಿ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಜಾವಾ ಅಂಟಿಕೊಂಡಿದೆ. ಸಿಂಧ್‌ನಿಂದ ಹಿಡಿದು ಇಂಡೊನೇಷ್ಯಾವರೆಗೆ, ಎಲ್ಲೆಲ್ಲಿ ಭತ್ತದ ಗದ್ದೆಯೂ ಜೊಂಡು ಬೆಳೆದ ಕೆರೆಯೂ ಅಕ್ಕಪಕ್ಕದಲ್ಲಿವೆಯೋ ಅಲ್ಲೆಲ್ಲ ಈ ಹಕ್ಕಿ ಇದೆ.

ನಮ್ಮ ಕಡೆಯವರಿಗೆ ಬಾತು ಎಂದ ಕೂಡಲೆ ನೆನಪಾಗುವುದು ಸುಗ್ಗಿ ಮುಗಿದ ಮೇಲೆ ಗದ್ದೆಬಯಲಿಗೆ ಬಂದು ಬಿಡಾರ ಹೂಡುವ ಸಾಕುಬಾತುಗಳ ಹಿಂಡು. ಕೋಲು ಹಿಡಿದವರ ಹಿಂದೆ ಮುಂದೆ ಸಾವಿರ ಬಾತು ಕ್ವಾಕ್ ಕ್ವಾಕ್ ಎನ್ನುತ್ತ ಕೂಳೆ ಗದ್ದೆಯಲ್ಲಿ ಉದುರಿದ ಕಾಳನ್ನೂ ಬಸವನಹುಳುವನ್ನೂ ಆರಿಸುತ್ತ ಹೋಗುತ್ತವೆ. ಆ ಸಾಕುಬಾತುಗಳ ಮೂಲ ಉತ್ತರದ ತಣ್ಣನೆಯ ದೇಶಗಳ ಮ್ಯಾಲರ್ಡ್ ಎಂಬ ಕಾಡುಬಾತು. ಸಿಳ್ಳೆ ಬಾತಿಗೂ ಅವಕ್ಕೂ ನೆಂಟಸ್ತಿಕೆ ಬಹಳ ದೂರದ್ದು. ಪ್ರಪಂಚದಲ್ಲಿ ಸಿಳ್ಳೆ ಬಾತುಗಳ ಎಂಟು ಪ್ರಭೇದಗಳಿವೆ. ಬಾತಿನ ಕುಟುಂಬ ಕವಲೊಡೆಯುವ ಕಾಲಕ್ಕೇ ಇವುಗಳ ಪೂರ್ವಜರು ಬೇರೆ ದಾರಿ ಹಿಡಿದವು. ನಡವಳಿಕೆಯಲ್ಲಿ ಇವು ಬಾತಿಗಿಂತ ಹೆಬ್ಬಾತು, ಹಂಸಗಳನ್ನೇ ಹೆಚ್ಚು ಹೋಲುತ್ತವೆ.

ಕಾಲು ನೋಡಿದರೇ ಇದು ಗೊತ್ತಾಗುತ್ತದೆ. ಸಾಕುಬಾತಿನ ಕಾಲು ಗಿಡ್ಡ, ಮೈಯ ಹಿಂದಕ್ಕೆ ಸರಿದಿದೆ. ಈಜಲು ಅನುಕೂಲ, ನಡೆಯಲು ಒದ್ದಾಟ. ಸಿಳ್ಳೆ ಬಾತಿನ ಕಾಲು ಉದ್ದ. ಗದ್ದೆಯ ಬದುವಿನ ಮೇಲೆ ಕತ್ತು ನೆಟ್ಟಗೆ ಮಾಡಿ ನಿಂತಾಗ ಅದು ಬಾತು ಎಂದೇ ಅನ್ನಿಸುವುದಿಲ್ಲ. ಆರಾಮವಾಗಿ ನಡೆಯುತ್ತದೆ, ಕೊಂಬೆಯ ಮೇಲೆ ಕೂರುತ್ತದೆ, ಬೇಕೆಂದಾಗ ನೀರೊಳಗೆ ಮುಳುಗಿ ಕೆಸರಿನಿಂದ ಗೆಡ್ಡೆ, ಬಸವನಹುಳು ಎತ್ತಿಕೊಂಡು ಬರುತ್ತದೆ. ಹಾರುವಾಗ ಉದ್ದ ಕಾಲು ಬಾಲದಿಂದಾಚೆ ಚಾಚಿಕೊಂಡಿರುತ್ತದೆ, ತಲೆ ಬೆನ್ನಿನ ಮಟ್ಟಕ್ಕಿಂತ ಕೆಳಗೆ ಇಳಿಬಿದ್ದು ಗೂನು ಬಂದಂತೆ ಕಾಣುತ್ತದೆ. ಬೇರೆ ಬಾತುಗಳು ಗುಂಡು ಹೊಡೆದಂತೆ ನೇರ ಹೋದರೆ, ಇದು ಅಗಲ ರೆಕ್ಕೆಯನ್ನು ನಿಧಾನಕ್ಕೆ ಬಡಿಯುತ್ತ ಸಾಗುತ್ತದೆ. ಹಿಂದೆ ಕೆರೆಬೇಟೆಗೆ ಬರುತ್ತಿದ್ದ ಸಾಹೇಬರುಗಳಿಗೆ ಇದು ತೀರಾ ಸಸಾರ. ಹಾರುವುದು ನಿಧಾನ, ಮಾಂಸಕ್ಕೆ ರುಚಿಯಿಲ್ಲ, ಹೊಡೆದರೆ ಕೀರ್ತಿಯೂ ಇಲ್ಲ. ಆ ಅಸಡ್ಡೆಯೇ ಬಹುಶಃ ಒಂದಷ್ಟು ಹಕ್ಕಿಗಳ ಜೀವ ಉಳಿಸಿತು.

ಇನ್ನೊಂದು ವಿಶೇಷವೆಂದರೆ ಗಂಡು ಯಾವುದು, ಹೆಣ್ಣು ಯಾವುದು ಎಂದು ನೋಡಿ ಹೇಳಲಾಗದು. ಚಳಿಗಾಲಕ್ಕೆ ಬರುವ ಸೂಜಿಬಾಲದ ಬಾತಿನಲ್ಲಿ ಗಂಡಿಗೆ ಚೆಂದದ ವೇಷ, ಹೆಣ್ಣಿಗೆ ಮಾಸಲು ಬಣ್ಣ. ಅಲ್ಲಿ ಕಾವು ಕೂರುವುದು ಹೆಣ್ಣು ಮಾತ್ರ, ಹಾಗಾಗಿ ಅಡಗಿಕೊಳ್ಳುವ ಬಣ್ಣ ಬೇಕಿರುವುದೂ ಅದಕ್ಕೇ. ಮೊಟ್ಟೆಯಿಟ್ಟ ಮೇಲೆ ಗಂಡು ಜವಾಬ್ದಾರಿ ಕಳಚಿಕೊಂಡು ಹೊರಟುಬಿಡುತ್ತದೆ. ಸಿಳ್ಳೆ ಬಾತಿನ ಸಂಸಾರ ಹಾಗಲ್ಲ. ಜೋಡಿಯಾದರೆ ಬಹುಕಾಲ ಜೊತೆಗಿರುತ್ತವೆ. ಮೊಟ್ಟೆಗೆ ಕಾವು ಕೊಡುವುದು ಇಬ್ಬರ ಪಾಳಿ, ಮರಿಗಳನ್ನು ಕಾಯುವುದೂ ಇಬ್ಬರೂ. ಬೇರೆ ಬಾತುಗಳಲ್ಲಿ ತಾಯಿ ಮೇಯಲು ಎದ್ದುಹೋದಾಗ ಮೊಟ್ಟೆ ತಣ್ಣಗಾಗದಿರಲೆಂದು ತನ್ನ ಎದೆಯ ತುಪ್ಪುಳ ಕಿತ್ತು ಗೂಡಿಗೆ ಹಾಸುತ್ತದೆ. ಸಿಳ್ಳೆ ಬಾತಿಗೆ ಆ ಹಾಸು ಬೇಡ, ಒಂದು ಎದ್ದರೆ ಇನ್ನೊಂದು ಬಂದು ಕೂರುತ್ತದೆ. ಬಿಡುವಿನಲ್ಲಿ ಒಂದರ ಕತ್ತಿನ ಗರಿಯನ್ನು ಇನ್ನೊಂದು ಕೊಕ್ಕಿನಿಂದ ನೇವರಿಸಿ ಒಪ್ಪ ಮಾಡುವುದೂ ಉಂಟು. ಬಾತುಗಳ ಲೋಕದಲ್ಲಿ ಇದು ಅಪರೂಪದ ನಡವಳಿಕೆ.

ಈ ಹಕ್ಕಿಯ ದಿನಚರಿ ಅರ್ಥವಾಗಬೇಕಾದರೆ ಮೊದಲು ಕೆರೆ ಅರ್ಥವಾಗಬೇಕು. ನಮ್ಮ ಕಣ್ಣಿಗೆ ಕೆರೆ ಎಂದರೆ ಏರಿ, ತೂಬು, ಕೋಡಿ. ಏರಿಯ ಮೇಲೆ ನಿಂತು ನೋಡುತ್ತೇವೆ, ನೀರು ತುಂಬಿದೆಯೋ ಇಲ್ಲವೋ ಎಂದು ಅಲ್ಲಿಂದಲೇ ಅಳೆಯುತ್ತೇವೆ. ಏರಿಯ ಬುಡದಲ್ಲಿ ಆಳ ಹೆಚ್ಚು, ಅಲ್ಲಿ ಮೀನಿನ ಬಲೆ, ನೀರುಕಾಗೆಗಳ ಓಡಾಟ. ಸಿಳ್ಳೆ ಬಾತಿಗೆ ಬೇಕಾದ ಕೆರೆ ಆಚೆ ದಡದ್ದು, ಹಳ್ಳ ಬಂದು ಸೇರುವ ಕಡೆಯದು. ಅಲ್ಲಿ ನೀರು ಮೊಣಕಾಲುದ್ದ, ಎಷ್ಟೋ ಕಡೆ ಅಂಗೈಯಗಲ ಮಾತ್ರ. ಜೊಂಡು, ಆಪು, ತಾವರೆ, ನೈದಿಲೆ, ಹೆಸರು ಗೊತ್ತಿಲ್ಲದ ನೂರು ಬಗೆಯ ನೀರುಹುಲ್ಲು. ನಾಮದ ಕೋಳಿ, ಜಂಬುಕೋಳಿ, ತಾವರೆ ಎಲೆಯ ಮೇಲೆ ನಡೆದಾಡುವ ದೇವನಹಕ್ಕಿ, ಕಂಡಷ್ಟೇ ಬೇಗ ಮುಳುಗಿಬಿಡುವ ಗುಳುಮುಳುಕ, ಎಲ್ಲವೂ ಅಲ್ಲೇ. ಸಿಳ್ಳೆ ಬಾತುಗಳು ಹಗಲೆಲ್ಲ ಈ ಜೊಂಡಿನ ಮರೆಯಲ್ಲಿ ಮೈಗೆ ಮೈ ಒತ್ತಿಕೊಂಡು ತೂಕಡಿಸುತ್ತವೆ. ಚಳಿಗಾಲದಲ್ಲಿ ಬರುವ ಜೌಗು ಸೆಳೆವ ಎಂಬ ಗಿಡುಗ ಜೊಂಡಿನ ಮೇಲೆ ಕೆಳಮಟ್ಟದಲ್ಲಿ ತೇಲಿಕೊಂಡು ಬಂದಾಗ ಒಮ್ಮೆ ಎಲ್ಲವೂ ಎದ್ದು ಸುತ್ತುಹಾಕಿ ಮತ್ತೆ ಅಲ್ಲೇ ಇಳಿಯುತ್ತವೆ. ಆಗ ಮಾತ್ರ ಅಲ್ಲಿ ಇನ್ನೂರು ಹಕ್ಕಿಗಳಿದ್ದವು ಎಂಬುದು ನೋಡುವವರಿಗೆ ತಿಳಿಯುತ್ತದೆ.

ಮದ್ದೂರು ಸೀಮೆಯಲ್ಲಿ ಕೊಕ್ಕರೆ ಬೆಳ್ಳೂರಿನ ಸುತ್ತ ಇಂಥ ನೀರು ಹಲವಿದೆ. ತೈಲೂರು ಕೆರೆ, ಸೂಳೆಕೆರೆ, ಮದ್ದೂರು ಕೆರೆ, ಪಕ್ಕದಲ್ಲಿ ಶಿಂಷಾ ಹೊಳೆ. ಹೆಜ್ಜಾರ್ಲೆಗಳಿಗೆ ಮೀನಿನ ಕಣಜ ಇವೇ. ಕಳೆದ ಚಳಿಗಾಲದಲ್ಲಿ ಆ ಕಡೆಯ ಒಂದು ಕೆರೆಯ ಹಿಂದಂಚಿನಲ್ಲಿ ಸಂಜೆ ಕೂತಿದ್ದೆ. ಸೂರ್ಯ ಮುಳುಗಿ ಬೆಳ್ಳಕ್ಕಿಗಳೆಲ್ಲ ಮರ ಸೇರಿದ್ದವು. ಜೊಂಡಿನೊಳಗೆ ಎಲ್ಲೋ ಒಂದು ಕಡೆ ‘ಸೀ…ಸಿಕ್’ ಎಂದು ಎರಡು ಸ್ವರದ ಸಿಳ್ಳೆ, ಮೂಗಿನಿಂದ ಬಂದ ಹಾಗೆ. ಒಂದು ಕತ್ತು ಮೇಲೆದ್ದಿತು, ಪಕ್ಕದಲ್ಲಿ ಇನ್ನೊಂದು. ಐದಾರು ನಿಮಿಷದಲ್ಲಿ ಮಣ್ಣುಹೆಂಟೆ ಎಂದುಕೊಂಡಿದ್ದಕ್ಕೆಲ್ಲ ಕತ್ತು ಬಂದಿತ್ತು. ಒಂದು ಬಾತು ಎರಡೂ ರೆಕ್ಕೆಯನ್ನು ಬೆನ್ನ ಮೇಲೆ ಚಾಚಿ ಮೈಮುರಿಯಿತು, ಕೊಕ್ಕಿನಿಂದ ಬಾಲದ ಬುಡದ ಎಣ್ಣೆಗ್ರಂಥಿಯನ್ನು ಒತ್ತಿ ಆ ಜಿಡ್ಡನ್ನು ಎದೆಗೆ ಸವರಿಕೊಂಡಿತು. ಗರಿ ಒದ್ದೆಯಾಗದಿರುವುದಕ್ಕೆ ಈ ಸವರಿಕೆ ಬೇಕೇ ಬೇಕು. ಮೊದಲ ನಾಲ್ಕೈದು ಎದ್ದು ಕೆರೆಯನ್ನೊಂದು ಸುತ್ತು ಹಾಕಿ ಸಿಳ್ಳೆ ಹಾಕುತ್ತ ಉಳಿದವನ್ನು ಎಬ್ಬಿಸಿದವು. ಇಡೀ ಹಿಂಡು ಒಂದೇ ಸಲಕ್ಕೆ ಹೊರಡಲಿಲ್ಲ. ಹತ್ತು, ಹದಿನೈದರ ತಂಡಗಳಾಗಿ ಎದ್ದು ಒಂದು ತಂಡ ತೆಂಗಿನತೋಟದ ಮೇಲಿಂದ ನಾಲೆಯ ದಿಕ್ಕಿಗೆ, ಇನ್ನೊಂದು ಹೊಳೆಯ ದಿಕ್ಕಿಗೆ ಹೋದವು. ಹಕ್ಕಿ ಕಾಣದಷ್ಟು ಕತ್ತಲಾದ ಮೇಲೂ ಸಿಳ್ಳೆ ಕೇಳುತ್ತಲೇ ಇತ್ತು. ಹಾರುವಾಗ ಸಿಳ್ಳೆ ನಿಲ್ಲುವುದಿಲ್ಲ, ಕತ್ತಲಲ್ಲಿ ಒಂದರ ಜಾಡು ಇನ್ನೊಂದಕ್ಕೆ ಸಿಗುವುದು ಅದರಿಂದಲೇ.

ಆ ನಾಲೆಯ ದಿಕ್ಕಿನಲ್ಲಿರುವುದು ಭತ್ತದ ಗದ್ದೆ. ಸಿಳ್ಳೆ ಬಾತಿನ ಊಟದ ಬಹುಪಾಲು ಸೊಪ್ಪುಸದೆಯದೇ. ನೀರುಗಿಡಗಳ ಬೀಜ, ಚಿಗುರು, ಗೆಡ್ಡೆ, ಹುಲ್ಲಿನ ಕಾಳು, ಕಟಾವಾದ ಗದ್ದೆಯಲ್ಲಿ ಉದುರಿದ ಭತ್ತ. ಜೊತೆಗೆ ಬಸವನಹುಳು, ಎರೆಹುಳು, ಪುಟ್ಟ ಮೀನು, ಕಪ್ಪೆಮರಿ. ನಾಟಿಗೆ ಮುಂಚೆ ನೀರು ಕಟ್ಟಿ ಕೆಸರು ಮಾಡಿದ ಗದ್ದೆ ಇದಕ್ಕೆ ಬಹಳ ಇಷ್ಟ. ರೈತರ ಜೊತೆ ಜಗಳವೂ ಅಲ್ಲೇ. ಮಳವಳ್ಳಿ ಕಡೆ ಒಬ್ಬ ಹಿರಿಯರನ್ನು ಈ ಬಾತಿನ ಬಗ್ಗೆ ಕೇಳಿದೆ. ‘ಅಯ್ಯೋ ಸಾ, ಹಗಲೊತ್ತು ಒಂದೂ ಕಾಣಾಕಿಲ್ಲ. ಒಟ್ಲು ಹಾಕಿ ಮನೀಕ್ಕಂಡ್ರೆ ಬೆಳಿಗ್ಗೆ ಒತ್ಗೆ ಅರ್ಧ ಪಾತಿ ಖಾಲಿ. ಅದ್ಯಾವ ಮಾಯ್ದಲ್ಲಿ ಬತ್ತವೋ’ ಎಂದರು. ಆಮೇಲೆ ತಾವೇ ಸೇರಿಸಿದರು, ‘ತಿನ್ಲಿ ಬುಡಿ, ಎಲ್ಡು ದಿನದ ಮಾತು. ಮೊಳಕೆ ಕಡ್ಡಿ ಆದ್ಮೇಲೆ ಅವು ಮುಟ್ಟಾಕಿಲ್ಲ.’ ಅವರ ಲೆಕ್ಕ ಸರಿಯಾಗಿದೆ. ಒಟ್ಲು ಚೆಲ್ಲಿದ ಮೊದಲ ದಿನಗಳಲ್ಲಿ ನೆನೆದ ಬೀಜ ಕೆಸರಿನ ಮೇಲೆ ತೆರೆದು ಬಿದ್ದಿರುತ್ತದೆ, ಆಗಲೇ ಅಪಾಯ. ಬೇರು ಹಿಡಿದು ಪೈರು ಮೇಲೆದ್ದ ಮೇಲೆ ಬಾತಿನ ಆಸಕ್ತಿ ಪೈರಿನ ನಡುವಿನ ಕಳೆ, ಹುಳಗಳತ್ತ ತಿರುಗುತ್ತದೆ. ಅಷ್ಟು ದಿನ ಪಾತಿಯ ಮೇಲೆ ಬಲೆ ಹೊದಿಸಿದರೆ, ಇಲ್ಲವೇ ಬದುವಿನ ಮೇಲೆ ಒಂದು ಲಾಟೀನು ಇಟ್ಟರೆ ಕೆಲಸ ಮುಗಿಯಿತು.

ಮಂಡ್ಯ ಸೀಮೆಯಲ್ಲಿ ಈ ಗದ್ದೆಗಳು ಇಷ್ಟೊಂದು ಇರಲಿಲ್ಲ ಎಂಬುದನ್ನು ಮರೆಯಬಾರದು. ನೂರು ವರ್ಷದ ಹಿಂದೆ ಇಲ್ಲಿಯ ಬಹುಭಾಗ ರಾಗಿ, ಹುರುಳಿಯ ಬೆದ್ದಲು. ಕೆರೆಯ ಅಚ್ಚುಕಟ್ಟಿನಲ್ಲಿ ಮಾತ್ರ ಭತ್ತ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುವ ಹೊತ್ತಿಗೆ, 1930ರ ದಶಕದ ಆರಂಭದಲ್ಲಿ, ಹುಲಿಕೆರೆಯ ಸುರಂಗ ಹಾಯ್ದು ಇರ್ವಿನ್ ನಾಲೆ ಬಂತು. ಈಗ ನಾವು ವಿ.ಸಿ. ನಾಲೆ ಎನ್ನುವುದು ಅದನ್ನೇ. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ನಾಲೆಯ ಚರಿತ್ರೆಯನ್ನು ಎಷ್ಟೋ ಜನ ಬರೆದಿದ್ದಾರೆ. ಅದು ಹಕ್ಕಿಗಳಿಗೆ ಏನು ಮಾಡಿತು ಎಂದು ಬರೆದದ್ದು ಕಡಿಮೆ. ನಾಲೆ ಬಂದ ಮೇಲೆ ಕೆರೆ ಕೆರೆಗಳ ನಡುವೆ ಒಣಗಿ ಬಿದ್ದಿದ್ದ ನೆಲಕ್ಕೆಲ್ಲ ನೀರು ಹರಿಯಿತು, ಬಸಿನೀರು ಹಳ್ಳ ಸೇರಿ ಕೆಳಗಿನ ಕೆರೆಗಳಿಗೆ ಹೊಸ ಒರತೆಯಾಯಿತು. ಹಗಲಿಗೆ ಮರೆ, ಇರುಳಿಗೆ ಮೇವು, ಎರಡೂ ಒಂದು ಹಾರಾಟದ ದೂರದಲ್ಲಿ ಸಿಗುವ ಇಂಥ ಜಾಗ ಬಾತಿಗೆ ಬೇರೆಲ್ಲಿ? ಸರ್ಕಾರ ರೈತನಿಗೆಂದು ಮಾಡಿದ ಅಚ್ಚುಕಟ್ಟು ಸಿಳ್ಳೆ ಬಾತಿಗೂ ಅಚ್ಚುಕಟ್ಟಾಯಿತು. ಕಬ್ಬು ಮಾತ್ರ ಅದಕ್ಕೆ ಒಗ್ಗದು. ಆಳೆತ್ತರ ಬೆಳೆದ ಕಬ್ಬಿನಲ್ಲಿ ಇಳಿಯಲು ಜಾಗವಿಲ್ಲ, ನಿಂತ ನೀರಿಲ್ಲ. ಗದ್ದೆಬಯಲೆಲ್ಲ ಕಬ್ಬಾದ ಊರಿನ ಕೆರೆಯಲ್ಲಿ ಜೊಂಡು ಎಷ್ಟೇ ಇದ್ದರೂ ಬಾತುಗಳು ಮೇವಿಗೆ ದೂರ ಹೋಗಬೇಕಾಗುತ್ತದೆ.

ಮಳೆಗಾಲದಲ್ಲಿ ಮೂರನೆಯ ಅಗತ್ಯ ಎದುರಾಗುತ್ತದೆ. ಆಗ ಹಿಂಡು ಒಡೆದು ಜೋಡಿಗಳಾಗುತ್ತವೆ, ಗೂಡಿಗೆ ಜಾಗ ಹುಡುಕುತ್ತವೆ. ಜೊಂಡಿನ ನಡುವೆ ನೆಲದ ಮೇಲೆ ಹುಲ್ಲು ಒಟ್ಟಿ ಗೂಡು ಮಾಡುವುದೂ ಉಂಟು, ಕಾಗೆಯೋ ಹದ್ದೋ ಬೆಳ್ಳಕ್ಕಿಯೋ ಬಿಟ್ಟುಹೋದ ಹಳೆಯ ಗೂಡಿಗೆ ಹೊಕ್ಕುವುದೂ ಉಂಟು. ಹಳೆಯ ಮರದ ಪೊಟರೆ ಸಿಕ್ಕರೆ ಅಲ್ಲೇ ಬೀಡುಬಿಡುತ್ತವೆ. ಏಳರಿಂದ ಹನ್ನೆರಡು ಬಿಳಿ ಮೊಟ್ಟೆ, ಮೂರು ವಾರಕ್ಕೂ ತುಸು ಹೆಚ್ಚು ಕಾವು. ಮೊಟ್ಟೆಯೊಡೆದ ಮರಿಗಳಿಗೆ ಕಪ್ಪು ಬಿಳುಪಿನ ತುಪ್ಪುಳ, ಕಣ್ಣಿನ ಮೇಲೆ ಬಿಳಿ ಪಟ್ಟೆ. ದೊಡ್ಡವುಗಳ ಮಣ್ಣುಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೋಳಿಮರಿಯ ಹಾಗೆಯೇ ಹುಟ್ಟಿದಾಗಲೇ ಕಣ್ಣು ತೆರೆದಿರುತ್ತದೆ, ಕಾಲಿಗೆ ಬಲವಿರುತ್ತದೆ. ಒಂದೆರಡು ದಿನದೊಳಗೆ ಕೆಳಗಿನಿಂದ ತಂದೆತಾಯಿ ಕರೆಯುತ್ತವೆ, ಮರಿಗಳು ಒಂದಾದ ಮೇಲೊಂದು ಪೊಟರೆಯ ಬಾಯಿಗೆ ಬಂದು ಧುಮುಕುತ್ತವೆ. ಮೈತುಂಬ ತುಪ್ಪುಳ, ತೂಕ ಇಲ್ಲವೇ ಇಲ್ಲ ಎನ್ನುವಷ್ಟು. ಬಿದ್ದರೂ ಪೆಟ್ಟಾಗದು. ಅಲ್ಲಿಂದ ನೀರಿನವರೆಗಿನ ನಡಿಗೆಯೇ ಅವುಗಳ ಬದುಕಿನ ಅತ್ಯಂತ ಅಪಾಯದ ಹೊತ್ತು. ನಾಯಿ, ಮುಂಗುಸಿ, ಕಾಗೆ, ಹಾವು, ಈಗ ಬೈಕು ಕಾರು ಕೂಡ.

ಪೊಟರೆ ಬೇಕೆಂದರೆ ಮರಕ್ಕೆ ವಯಸ್ಸಾಗಬೇಕು. ನೆಟ್ಟು ಹತ್ತು ವರ್ಷವಾದ ಹೊಂಗೆಯಲ್ಲಾಗಲಿ ನೀಲಗಿರಿಯಲ್ಲಾಗಲಿ ಬಾತು ಹಿಡಿಸುವ ಪೊಟರೆ ಇರದು. ಕೊಂಬೆ ಮುರಿದು, ಗಾಯ ಕೊಳೆತು, ಒಳಗೆ ಟೊಳ್ಳಾಗಲು ತಲೆಮಾರೇ ಹಿಡಿಯುತ್ತದೆ. ಮೈಸೂರು ಸೀಮೆಯ ಊರೂರಿಗೂ ಕೆರೆಯ ಪಕ್ಕದಲ್ಲಿ ಗುಂಡುತೋಪು ಇರುತ್ತಿತ್ತು. ಆಲ, ಅರಳಿ, ಹಿಪ್ಪೆ, ನೇರಳೆ, ಹುಣಸೆ, ಮಾವು. ಗುಂಡುತೋಪುಗಳು ಹೋದ ಬಗೆ ಎಲ್ಲರಿಗೂ ಗೊತ್ತಿರುವುದೇ. ಒಂದರಲ್ಲಿ ಶಾಲೆ ಬಂತು, ಒಂದರಲ್ಲಿ ಸಮುದಾಯ ಭವನ, ಒಂದರಲ್ಲಿ ನಿವೇಶನ, ಉಳಿದದ್ದು ಒತ್ತುವರಿ. ರಸ್ತೆ ಅಗಲವಾದಾಗಲೆಲ್ಲ ಸಾಲುಮರಗಳು ಉರುಳಿವೆ. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ನಮ್ಮ ಗದ್ದೆಬಯಲನ್ನೇ ಸೀಳಿಕೊಂಡು ಹೋಗಿದೆ. ದಶಪಥದಿಂದ ಅನುಕೂಲವಾಗಿಲ್ಲ ಎಂದು ಹೇಳಲಾರೆ. ಆದರೆ ಮದ್ದೂರಿನ ಹತ್ತಿರ ಅದರ ಪಕ್ಕದಲ್ಲಿ ಕತ್ತಲಾದ ಮೇಲೆ ನಿಂತು ನೋಡಿ, ಕತ್ತಲನ್ನೇ ನಂಬಿ ಮೇಯುವ ಹಕ್ಕಿಗೆ ಆ ಬೆಳಕು, ಆ ಸದ್ದು ಎಂಥದ್ದು ಎಂದು ಅರ್ಥವಾದೀತು.

ಇಷ್ಟೆಲ್ಲ ಇದ್ದರೂ ನನ್ನ ಮುಖ್ಯ ತಕರಾರು ‘ಕೆರೆ ಅಭಿವೃದ್ಧಿ’ ಎಂಬ ಕಾಮಗಾರಿಯ ಮೇಲೆ. ಹೂಳು ತೆಗೆಯುವುದು ಬೇಡವೇ? ಬೇಕು. ನಮ್ಮ ಹಿಂದಿನವರೂ ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಆದರೆ ಅವರು ತೆಗೆದದ್ದು ಗಾಡಿ ಇಳಿಯುವ ಕಡೆ, ಬೇಕಾದಷ್ಟು ಮಾತ್ರ. ಈಗ ಜೆಸಿಬಿ ಇಳಿದರೆ ಆಚೆ ದಡದ ಇಳಿಜಾರನ್ನೆಲ್ಲ ಕಡಿದು ಕೆರೆಯನ್ನು ಗೋಡೆಯಂಥ ದಡದ ಹೊಂಡ ಮಾಡುತ್ತದೆ. ಸುತ್ತ ಕಲ್ಲು ಕಟ್ಟಣೆ, ಅದರ ಮೇಲೆ ಇಂಟರ್‌ಲಾಕ್ ಟೈಲ್ಸು, ವಾಯುವಿಹಾರಕ್ಕೆ ದಾರಿ, ಹತ್ತು ಮಾರಿಗೊಂದು ದೀಪದ ಕಂಬ. ಫೋಟೊಗೆ ಚೆಂದ. ನೀರಿನ ಸಾಮರ್ಥ್ಯವೂ ಕಾಗದದ ಮೇಲೆ ಹೆಚ್ಚುತ್ತದೆ. ಆದರೆ ಮೊಣಕಾಲುದ್ದ ನೀರೇ ಇಲ್ಲದ ಮೇಲೆ ಜೊಂಡು ಎಲ್ಲಿ ಬೇರೂರಬೇಕು? ಜೊಂಡಿಲ್ಲದೆ ಬಾತು, ಜಂಬುಕೋಳಿ, ದೇವನಹಕ್ಕಿ ಇಲ್ಲ. ಮೀನು ಮೊಟ್ಟೆಯಿಡುವುದೂ ಅದೇ ಅಂಚಿನ ಹುಲ್ಲಿನಲ್ಲಿ ಎಂಬುದು ಟೆಂಡರಿನವರಿಗೆ ಗೊತ್ತಿರಲಾರದು, ಬಲೆ ಹಾಕುವವರಿಗೆ ಗೊತ್ತು. ಹಳ್ಳದ ನೀರಿನಲ್ಲಿ ಬಂದ ಮಣ್ಣು ಕೆರೆಯ ಹೊಟ್ಟೆಗೆ ಇಳಿಯದಂತೆ ತಡೆಯುವುದೂ ಆ ಜೊಂಡೇ. ಅದನ್ನು ಕಿತ್ತರೆ ಹೂಳು ಇನ್ನೂ ಬೇಗ ತುಂಬುತ್ತದೆ. ಆಮೇಲೆ ಇನ್ನೊಂದು ಟೆಂಡರು.

ಹಾಗೆಂದು ಹಸಿರಾಗಿರುವುದೆಲ್ಲ ಒಳ್ಳೆಯದಲ್ಲ. ನಾವು ಅಂತರಗಂಗೆ ಎನ್ನುವ ನೇರಳೆ ಹೂವಿನ ಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು. ಊರಿನ ಚರಂಡಿ ಕೆರೆಗೆ ಬಿಟ್ಟ ಕಡೆಯೆಲ್ಲ ಅದು ನೀರಿನ ಮೇಲೆ ಚಾಪೆ ಹಾಸಿಬಿಡುತ್ತದೆ. ಬೆಳಕು ಇಳಿಯದೆ ಕೆಳಗಿನ ಗಿಡ ಸಾಯುತ್ತದೆ, ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ತೆಳುವಾಗಿ ಅಲ್ಲಲ್ಲಿ ಇದ್ದರೆ ಸಿಳ್ಳೆ ಬಾತು ಅದರ ಮೇಲೂ ಕೂತು ವಿರಮಿಸುತ್ತದೆ, ಕೆರೆಯೇ ಮುಚ್ಚಿಹೋದರೆ ಜಾಗ ಖಾಲಿ ಮಾಡುತ್ತದೆ. ಇನ್ನೊಂದು ಕಡೆ, ಮೀನುಗಾರಿಕೆಗೆ ಹರಾಜಾದ ಕೆರೆಗಳಿಗೆ ಹುಲ್ಲುಗೆಂಡೆ ಬಿಡುವ ರೂಢಿಯಿದೆ. ಹೆಸರೇ ಹೇಳುವಂತೆ ಅದು ನೀರುಗಿಡ ಮೇಯುವ ಮೀನು, ಬಾತು ತಿನ್ನುವುದನ್ನೇ ತಿನ್ನುತ್ತದೆ. ಕಳೆ ಮಿತಿಮೀರಿದ ಕೆರೆಯಲ್ಲಿ ಅದು ಔಷಧ. ಹದವಾಗಿ ಹುಲ್ಲಿರುವ ಕೆರೆಗೆ ಲೆಕ್ಕವಿಲ್ಲದೆ ಬಿಟ್ಟರೆ ಬಾತಿನ ಪಾಲು ಹೋಯಿತೆಂದೇ ತಿಳಿಯಬೇಕು.

ವಿಷದ ಮಾತನ್ನೂ ಹೇಳಬೇಕು. ಭತ್ತಕ್ಕೆ ಎರಚುವ ಕಾರ್ಬೋಫ್ಯೂರಾನ್ ಹರಳು ಹಕ್ಕಿಯ ಕಣ್ಣಿಗೆ ಬೀಜದ ಹಾಗೋ ಮರಳಿನ ಕಾಳಿನ ಹಾಗೋ ಕಾಣುತ್ತದೆ. ಬಾತುಗಳಿಗೆ ಹಲ್ಲಿಲ್ಲ, ನುಂಗಿದ ಕಾಳನ್ನು ಅರೆಯಲು ಮರಳುಕಲ್ಲನ್ನು ಹುಡುಕಿ ನುಂಗುತ್ತವೆ. ಕೆಲವೇ ಹರಳು ಸಾಕು ಪ್ರಾಣ ಹೋಗಲು. ಅಮೆರಿಕದಲ್ಲಿ ಈ ಹರಳಿನ ಬಳಕೆಯನ್ನು 1990ರ ದಶಕದಲ್ಲೇ ಬಹುಮಟ್ಟಿಗೆ ನಿಲ್ಲಿಸಿದ್ದು ಹಕ್ಕಿಗಳು ಸತ್ತ ಕಾರಣಕ್ಕೆ. ಕೀಟಕ್ಕೆಂದು ಹಾಕಿದ್ದು ಗುರಿತಪ್ಪಿ ಹಕ್ಕಿಗೆ ತಾಗುವುದು ಒಂದು ಕಥೆ, ಕಾಳಿಗೆ ವಿಷ ಬೆರೆಸಿ ಬೇಕೆಂತಲೇ ಕೊಲ್ಲುವುದು ಇನ್ನೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆ ಎತ್ತುವುದು ಎಲ್ಲವೂ ಅಪರಾಧ. ಉರುಳು ಹಾಕುವವರು ‘ಇದು ನೀರುಕೋಳಿ ಅಷ್ಟೇ’ ಎಂದರೂ ಕಾಯ್ದೆ ಬಿಡುವುದಿಲ್ಲ.

ಕೊಕ್ಕರೆ ಬೆಳ್ಳೂರಿನಲ್ಲಿ ಆದದ್ದು ಇಲ್ಲಿ ನೆನೆಯತಕ್ಕದ್ದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿನ ಹಿತ್ತಲ ಮರಗಳಲ್ಲಿ ಗೂಡು ಕಟ್ಟುವುದು ಊರಿನವರಿಗೆ ಹೊಸದಲ್ಲ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಅದನ್ನು ಹೊರಲೋಕಕ್ಕೆ ತೋರಿಸಿಕೊಟ್ಟರು. ಗೂಡಿರುವ ಹುಣಸೆಮರದ ಫಸಲು ಕೈತಪ್ಪಿದವರಿಗೆ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 1994ರ ಹೊತ್ತಿಗೆ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕತೊಡಗಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಸುತ್ತಮುತ್ತಲಿನ ಬಾತಿಗೆ ಇಂಥ ಏರ್ಪಾಡು ಯಾವುದೂ ಇಲ್ಲ. ಅದರ ಹಗಲು ಪಂಚಾಯಿತಿಯ ಇಲ್ಲವೇ ಸಣ್ಣ ನೀರಾವರಿ ಇಲಾಖೆಯ ಕೆರೆಯಲ್ಲಿ, ಇರುಳು ಯಾರದೋ ಖಾಸಗಿ ಗದ್ದೆಯಲ್ಲಿ, ಸಂಸಾರ ಕಂದಾಯ ಇಲಾಖೆಯ ತೋಪಿನ ಮರದಲ್ಲಿ. ಇವುಗಳಲ್ಲಿ ಯಾವುದನ್ನೂ ಬೇಲಿ ಹಾಕಿ ಅಭಯಾರಣ್ಯ ಮಾಡಲಾಗದು. 1940ರಲ್ಲೇ ಪಕ್ಷಿಧಾಮವಾಗಿ 2022ರಲ್ಲಿ ರಾಮ್ಸರ್ ತಾಣವೂ ಆದ ರಂಗನತಿಟ್ಟಿನ ದಾರಿ ಈ ಹಕ್ಕಿಗೆ ಹೊಂದುವುದಿಲ್ಲ. ಕಾಮಗಾರಿಯ ಅಂದಾಜುಪಟ್ಟಿ ಬರೆಯುವ ಇಂಜಿನಿಯರು ಹಳ್ಳ ಸೇರುವ ಕಡೆಯ ಇಳಿಜಾರು, ಜೊಂಡು ಹಾಗೇ ಇರಲಿ ಎಂದು ಒಂದು ಸಾಲು ಸೇರಿಸಿದರೆ, ಆ ಬದಿಗೆ ದೀಪದ ಕಂಬ ಬೇಡ ಎಂದು ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತರೆ ಖರ್ಚೇನೂ ಬರುವುದಿಲ್ಲ, ಉಳಿತಾಯವೇ ಆದೀತು.

ನೀರಿನ ವಿಚಾರದಲ್ಲಿ ಬಾತಿನ ಕಷ್ಟವೂ ರೈತನ ಕಷ್ಟವೂ ಒಂದೇ ನಾಲೆಯದು. ಮದ್ದೂರು, ಮಳವಳ್ಳಿಯ ಕೊನೇಭಾಗದವರಿಗೆ ವಿ.ಸಿ. ನಾಲೆಯ ನೀರು ಯಾವಾಗಲೂ ತಡವಾಗಿಯೇ ಬರುವುದು. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ನೀರು ಪದ್ಧತಿ ಬಂದರೆ ಇನ್ನೂ ತಡ. 2023ರಲ್ಲಿ ಮುಂಗಾರು ಕೈಕೊಟ್ಟು ಕನ್ನಂಬಾಡಿಯಲ್ಲಿ ನೀರು ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ಗದ್ದೆಗಳು ಬಿರುಕುಬಿಟ್ಟವು. ಅಂಥ ವರ್ಷ ಬಾತುಗಳು ಊರೂರಿನ ಪುಟ್ಟ ಕೆರೆಗಳನ್ನು ಬಿಟ್ಟು ಇನ್ನೂ ನೀರು ಉಳಿದ ದೊಡ್ಡ ಕೆರೆ, ಹೊಳೆಯ ಮಡುಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಮಳೆ ಬಂದು ಹಳ್ಳ ಹರಿದ ಮೇಲೆ ಮತ್ತೆ ಚದುರುತ್ತವೆ. ಸಾವಿರಾರು ಮೈಲಿಯ ವಲಸೆಯಲ್ಲ ಇದು, ನೀರು ಹೋದ ಕಡೆ ಹೋಗುವ ಓಡಾಟ. ಒಂದೇ ಕೆರೆಯಲ್ಲಿ ಸಾವಿರ ಬಾತು ಕಂಡರೆ ಸಂಖ್ಯೆ ಹೆಚ್ಚಿತೆಂದು ಹಿಗ್ಗುವ ಮುನ್ನ ಪಕ್ಕದ ನಾಲ್ಕು ಕೆರೆ ಒಣಗಿವೆಯೇ ಎಂದು ನೋಡಿಬರುವುದು ಒಳ್ಳೆಯದು.

ನೋಡುವ ಆಸೆಯಿದ್ದವರು ಏರಿಯ ಮೇಲೆ ನಿಲ್ಲದೆ, ಹಳ್ಳ ಬಂದು ಸೇರುವ ಬದಿಗೆ, ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಹೋಗಬೇಕು. ಆಕಾಶದ ಬೆಳಕು ಎದುರಿಗಿದ್ದರೆ ಎದ್ದು ಹಾರುವಾಗ ಆಕಾರ ಸ್ಪಷ್ಟ ಕಾಣುತ್ತದೆ. ಟಾರ್ಚು, ಸ್ಪೀಕರು ಬೇಡ. ಜೊತೆಗೆ ನಾಯಿಯಂತೂ ಬೇಡವೇ ಬೇಡ. ಜನವರಿಯ ನೀರುಹಕ್ಕಿ ಗಣತಿಗೆ ಕೈಜೋಡಿಸುವವರು ಬೆಳಿಗ್ಗೆ ನಿದ್ದೆಯಲ್ಲಿರುವ ಹಿಂಡನ್ನು ಒಮ್ಮೆ ಎಣಿಸಿ, ಸಂಜೆ ಹಾರುವಾಗ ಇನ್ನೊಮ್ಮೆ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ, ಯಾಕೆಂದರೆ ಜೊಂಡಿನೊಳಗಿದ್ದ ಅರ್ಧದಷ್ಟು ಬೆಳಿಗ್ಗೆ ತಪ್ಪಿಹೋಗಿರುತ್ತವೆ. ಹಾರುವಾಗ ಬಾಲದ ಬುಡವನ್ನೂ ಗಮನಿಸಿ. ಅಲ್ಲಿ ಇಟ್ಟಿಗೆಗೆಂಪು ಇದ್ದರೆ ನಮ್ಮದೇ ಸಿಳ್ಳೆ ಬಾತು. ಕೆನೆಬಿಳಿ ಇದ್ದು ಹಕ್ಕಿ ತುಸು ದೊಡ್ಡದಾಗಿ ಕಂಡರೆ ಅದು ದೊಡ್ಡ ಸಿಳ್ಳೆ ಬಾತು. ಈ ಕಡೆ ಅದು ಅಪರೂಪ. ಕಂಡರೆ ಫೋಟೊ ತೆಗೆದು, ಕೆರೆಯ ಹೆಸರೂ ತಾರೀಖೂ ಬರೆದಿಟ್ಟುಕೊಳ್ಳಿ.